ಮಗುವಿನ ಪ್ರಾಯೋಜಕತ್ವ ಸೇವೆ: ಕಾರ್ಡಿನ ಮೇಲಿನ ಮುಖ ಮತ್ತು ಅದರ ಹಿಂದಿನ ಕೆಲಸ

ಕ್ರೈಸ್ತ ಸೇವಾ ಸಂಸ್ಥೆಗಳು ನಡೆಸುವ ಮಗುವಿನ ಪ್ರಾಯೋಜಕತ್ವ ಯೋಜನೆಗೆ, ಎಂದರೆ ಒಬ್ಬ ದಾನಿ ಒಂದು ಬಡ ಮಗುವಿನ ಹೆಸರಿನಲ್ಲಿ ತಿಂಗಳು ತಿಂಗಳು ಹಣ ಕೊಡುವ ಏರ್ಪಾಟಿಗೆ, ಸೇರಬಹುದೇ ಎಂದು ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಹಲವರು ಕೇಳುತ್ತಿರುವುದರಿಂದ, ಕೆಲವು ವರ್ಷಗಳಿಂದ ಅಂಥದೊಂದು ಸಂಸ್ಥೆಗೆ ತಿಂಗಳು ತಿಂಗಳು ಹಣ ಕಟ್ಟುತ್ತಿರುವ ನಾನು ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹೇಳುವುದಿಲ್ಲ. ನಾನು ಕಂಡ ಕೊರತೆಗಳಲ್ಲಿ ಹೆಚ್ಚಿನವು ಈ ಪದ್ಧತಿಯಲ್ಲೇ ಇರುವಂಥವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಸೇವೆ ಒಳ್ಳೆಯದು, ಆದರೆ ಅದನ್ನು ದಾನಿಗಳ ಮುಂದೆ ಇಡುವ ರೀತಿ ಒಳ್ಳೆಯದಲ್ಲ.

ಈ ಪದ್ಧತಿ ಹೆಚ್ಚು ಪ್ರಚಾರಕ್ಕೆ ಬಂದದ್ದು ಕೊರಿಯಾ ಯುದ್ಧದ ಕಾಲದಲ್ಲಿ. 1950ರಲ್ಲಿ ವರ್ಲ್ಡ್ ವಿಷನ್, 1952ರಲ್ಲಿ ಕಂಪ್ಯಾಷನ್ ಎಂಬ ಅಮೆರಿಕದ ಕ್ರೈಸ್ತ ಸೇವಾ ಸಂಸ್ಥೆಗಳು ಹುಟ್ಟಿಕೊಂಡವು; ಯುದ್ಧದಲ್ಲಿ ದಿಕ್ಕಿಲ್ಲದಂತಾದ ಒಂದೊಂದು ಮಗುವನ್ನು ಅಮೆರಿಕದ ಒಂದೊಂದು ಕುಟುಂಬದ ಜೊತೆ ಜೋಡಿಸುವ ಏರ್ಪಾಟು ಆಗ ಬೆಳೆಯಿತು. ಅದೇ ಏರ್ಪಾಟು ಭಾರತಕ್ಕೂ ಬಂದಿತು. 2017ರ ಮಾರ್ಚ್‌ನಲ್ಲಿ, ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿಯಿಲ್ಲದೆ ಹಣ ಕಳಿಸುವಂತಿಲ್ಲ ಎಂಬ ನಿರ್ಬಂಧದಿಂದಾಗಿ ಕಂಪ್ಯಾಷನ್ ಇಲ್ಲಿನ ಕೆಲಸ ನಿಲ್ಲಿಸಿದಾಗ ಸುಮಾರು 1.45 ಲಕ್ಷ ಮಕ್ಕಳು ಅದರ ನೆರವಿನಲ್ಲಿದ್ದರು. ಹೊರದೇಶದ ಹಣ ಹೀಗೆ ಒಂದೇ ಸಲಕ್ಕೆ ನಿಂತುಹೋಗಬಹುದಾದ್ದರಿಂದ ನಮ್ಮವರೇ ಕೊಡುವ ಸಾವಿರ ರೂಪಾಯಿಗೆ ಈಗ ಮೊದಲಿಗಿಂತ ಹೆಚ್ಚು ಬೆಲೆಯಿದೆ.

ಸೇರುವ ಕ್ರಮ ಸರಳ. ಭಾನುವಾರದ ಆರಾಧನೆ ಮುಗಿದ ಮೇಲೆ ಸಂಸ್ಥೆಯವರು ಬಾಗಿಲ ಬಳಿ ಮೇಜು ಹಾಕಿ ಮಕ್ಕಳ ಭಾವಚಿತ್ರವಿರುವ ಕಾರ್ಡುಗಳನ್ನು ಹರಡುತ್ತಾರೆ. ನಾವು ಒಂದನ್ನು ಎತ್ತಿಕೊಂಡು ಅರ್ಜಿ ತುಂಬಿ, ಬ್ಯಾಂಕಿನಿಂದ ತಿಂಗಳಿಗೊಮ್ಮೆ ತಾನಾಗಿ ಹಣ ಹೋಗುವಂತೆ ಸಹಿ ಹಾಕಿದರೆ ಆಯಿತು. ಆ ಮೇಜಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಐದಾರು ವರ್ಷದ, ಎರಡು ಜಡೆ ಹಾಕಿಕೊಂಡು ನಗುತ್ತಿರುವ ಹುಡುಗಿಯರ ಕಾರ್ಡುಗಳು ಮೊದಲು ಖಾಲಿಯಾಗುತ್ತವೆ. ಮೀಸೆ ಮೂಡುತ್ತಿರುವ, ಕ್ಯಾಮೆರಾ ಕಡೆ ಮುಖ ಗಂಟಿಕ್ಕಿಕೊಂಡು ನೋಡುವ ಹದಿಮೂರು ಹದಿನಾಲ್ಕರ ಹುಡುಗರ ಕಾರ್ಡುಗಳು ಕೊನೆಯವರೆಗೂ ಮೇಜಿನ ಮೇಲೆಯೇ ಉಳಿದಿರುತ್ತವೆ. ಶಾಲೆ ಬಿಟ್ಟು ಗಾರೆ ಕೆಲಸಕ್ಕೋ ಹೋಟೆಲಿಗೋ ಹೋಗುವ ಅಪಾಯ ಹೆಚ್ಚಿರುವುದು ಆ ವಯಸ್ಸಿನವರಿಗೇ. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಳ್ಳೆಯ ಕುಂಬಳಕಾಯಿ ಆರಿಸಿದಂತೆ ಮಗುವನ್ನು ಆರಿಸುವುದು ಯೇಸುವಿನ ಹೆಸರಿನಲ್ಲಿ ಮಾಡುವ ಕೆಲಸಕ್ಕೆ ಒಪ್ಪುವುದಿಲ್ಲ. ಚಿಕ್ಕವರಲ್ಲಿ ಒಬ್ಬನಿಗೆ ಮಾಡಿದ್ದು ನನಗೆ ಮಾಡಿದಂತೆ ಎಂದು ಆತ ಹೇಳಿದಾಗ ಚೆಂದದ ಮುಖವನ್ನು ನೋಡಿ ಆರಿಸಿಕೊಳ್ಳಿರಿ ಎಂದೇನೂ ಹೇಳಿರಲಿಲ್ಲ.

ಹಣ ನೇರವಾಗಿ ಮಗುವಿನ ಕೈಗೆ ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗೆ ಹೋಗುವುದಿಲ್ಲ, ಹೋಗಬಾರದು ಕೂಡ. ನಾನು ರಾಯಚೂರು ಜಿಲ್ಲೆಯಲ್ಲಿ ನೋಡಿದ ಕೇಂದ್ರವು ಒಂದು ಸಣ್ಣ ಚರ್ಚಿನ ಹಿಂದಿನ ಹಾಲಿನಲ್ಲಿ ನಡೆಯುತ್ತದೆ. ಸರಕಾರಿ ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬರುತ್ತಾರೆ. ಕಡಲೆಕಾಳಿನ ಉಸುಳಿ, ಬೇಯಿಸಿದ ಮೊಟ್ಟೆ ತಿಂದು ಕನ್ನಡ ಓದು, ಗಣಿತ, ಇಂಗ್ಲಿಷ್ ಕಲಿಯುತ್ತಾರೆ. ಮಕ್ಕಳ ಎತ್ತರ ತೂಕಗಳನ್ನು ಕಾಲಕಾಲಕ್ಕೆ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಪಾಠ ಹೇಳುವ ಇಬ್ಬರು ಅಕ್ಕಂದಿರ ಸಂಬಳ, ಮೊಟ್ಟೆಯ ಖರ್ಚು, ಕರೆಂಟು ಬಿಲ್ಲು ಎಲ್ಲವೂ ನಮ್ಮಂಥವರು ಕಟ್ಟುವ ಹಣದಿಂದ ಬರುತ್ತವೆ. ಕಾರ್ಡಿನಲ್ಲಿ ಈ ಅಕ್ಕಂದಿರ ಮುಖವಿಲ್ಲ; ಇಡೀ ಸೇವೆ ನಿಂತಿರುವುದು ಅವರ ಮೇಲೆ.

ಇಂಥ ಕೆಲಸದಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಭಾವುಕತೆಯಿಲ್ಲದ ಉತ್ತರವೂ ಇದೆ. ಬ್ರೂಸ್ ವೈಡಿಕ್, ಪಾಲ್ ಗ್ಲೂವಿ, ಲೇನ್ ರಟ್ಲೆಜ್ ಎಂಬ ಅರ್ಥಶಾಸ್ತ್ರಜ್ಞರು ಭಾರತವೂ ಸೇರಿ ಆರು ದೇಶಗಳಲ್ಲಿ, ಕಂಪ್ಯಾಷನ್ ಯೋಜನೆಯಲ್ಲಿ ಬೆಳೆದವರು ಮತ್ತು ಬೆಳೆಯದವರು ಸೇರಿ 10,144 ಜನರನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಾಯೋಜಕರಿದ್ದ ಮಕ್ಕಳು 1.03ರಿಂದ 1.46 ವರ್ಷದಷ್ಟು ಹೆಚ್ಚು ಕಾಲ ಶಾಲೆಯಲ್ಲಿ ಕಲಿತಿದ್ದರು. ದೊಡ್ಡವರಾದ ಮೇಲೆ ಕಚೇರಿ ಕೆಲಸ, ಶಿಕ್ಷಕ ವೃತ್ತಿಯಂಥವುಗಳಿಗೆ ಸೇರುವ ಸಾಧ್ಯತೆಯೂ ಅವರಲ್ಲಿ ಹೆಚ್ಚಿತ್ತು. ಒಂದು ವರ್ಷ ಎಂದರೆ ಕೇಳಲು ಸಣ್ಣದು. ಏಳನೆಯ ತರಗತಿಗೆ ಬಿಡುವ ಹುಡುಗಿ ಎಂಟಕ್ಕೆ ಹೋದರೆ ಆಗುವ ವ್ಯತ್ಯಾಸವನ್ನು ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಪತ್ರವ್ಯವಹಾರದ ಬಗ್ಗೆ ನನಗೆ ಅರ್ಧ ಮನಸ್ಸು. ಮಗುವಿನಿಂದ ಬರುವ ಪತ್ರಗಳು ಅಚ್ಚು ಹಾಕಿದಂತಿರುತ್ತವೆ: ಮೇಲೆ ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲಿ ಮನೆ, ಕೆಳಗೆ ‘ನಾನು ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ’ ಎಂಬ ಸಾಲು. ಅವುಗಳಿಂದ ಮಗುವಿನ ಬಗ್ಗೆ ಏನೂ ತಿಳಿಯುವುದಿಲ್ಲ. ಆದರೆ ನಾವು ಬರೆದ ಪತ್ರಗಳಿಗೆ ಅಲ್ಲಿ ಬೇರೆಯೇ ಉಪಯೋಗವಿದೆ ಎಂದು ಕೇಂದ್ರಕ್ಕೆ ಹೋದಾಗ ತಿಳಿಯಿತು. ಅಲ್ಲಿನ ಅಕ್ಕ ಒಬ್ಬರು, “ಅಣ್ಣಾರ, ಉದ್ದ ಬರೀಬ್ಯಾಡ್ರಿ. ನಾಕು ಸಾಲು ಇದ್ರ ಹುಡುಗಿ ತಾನ ಓದ್ತಾಳ, ಉದ್ದ ಇದ್ರ ನಾವ ಓದಿ ಹೇಳಬೇಕಾಗ್ತೈತಿ” ಎಂದರು. ದೊಡ್ಡ ಅಕ್ಷರದಲ್ಲಿ, ಒತ್ತಕ್ಷರ ಕಡಿಮೆಯಿರುವ ಮಾತುಗಳಲ್ಲಿ ಬರೆಯಿರಿ ಎಂದು ಸಂಸ್ಥೆಯೇ ಮೊದಲು ತಿಳಿಸಿದ್ದರೆ ಚೆನ್ನಾಗಿತ್ತು.

ಈ ಸೇವೆಯ ದೊಡ್ಡ ಕೊರತೆ ಬೇರೆಯದು. ಕೇಂದ್ರದ ಹಾಜರಿ ಪುಸ್ತಕದಲ್ಲಿ ಹಲವು ಹೆಸರುಗಳ ಎದುರು ಕೆಂಪು ಮಸಿಯಲ್ಲಿ ‘ಗುಳೆ’ ಎಂದು ಬರೆದಿತ್ತು. ಹಿಂಗಾರು ಕೈಕೊಟ್ಟರೆ, ಸಾಲದ ಕಂತು ಬೆನ್ನು ಹತ್ತಿದರೆ ಕುಟುಂಬಗಳು ಮಕ್ಕಳನ್ನೂ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ನಾನು ಹಣ ಕಟ್ಟುತ್ತಿದ್ದ ಹುಡುಗಿಯ ಹೆಸರಿನ ಎದುರೂ ಆ ಕೆಂಪು ಅಕ್ಷರಗಳಿದ್ದವು. ಆಕೆ ಎಲ್ಲಿಗೆ ಹೋದಳು, ಅಲ್ಲಿ ಶಾಲೆಗೆ ಸೇರಿದಳೇ ಎಂಬುದಕ್ಕೆ ಕಚೇರಿಯಿಂದ ಉತ್ತರ ಬರಲಿಲ್ಲ. ಕೆಲವು ವಾರಗಳ ನಂತರ ‘ನಿಮ್ಮ ಹೊಸ ಮಗು’ ಎಂಬ ಶೀರ್ಷಿಕೆಯೊಡನೆ ಇನ್ನೊಂದು ಕಾರ್ಡು ಅಂಚೆಯಲ್ಲಿ ಬಂತು. ಕಷ್ಟ ಅತಿ ಹೆಚ್ಚಾದ ತಿಂಗಳಲ್ಲೇ ಮಗು ಯೋಜನೆಯಿಂದ ಹೊರಬೀಳುತ್ತದೆ ಎಂದರೆ ಯೋಜನೆಯ ಲೆಕ್ಕದಲ್ಲಿ ಏನೋ ತಪ್ಪಿದೆ. ಗುಳೆ ಹೋದ ಊರಿನ ಯಾವುದಾದರೂ ಸಭೆಗೆ ಒಂದು ಫೋನು ಮಾಡಿ, ಆ ಮಗುವನ್ನು ಹತ್ತಿರದ ಸರಕಾರಿ ಶಾಲೆಗೆ ಸೇರಿಸಿ ಎಂದು ಹೇಳುವುದು ಇಷ್ಟು ಸಭೆಗಳಿರುವ ಕ್ರೈಸ್ತ ಸಂಸ್ಥೆಗೆ ಅಸಾಧ್ಯವೇನಲ್ಲ. ಕುಟುಂಬ ಊರಿನಲ್ಲೇ ಉಳಿಯುವಂತೆ ಮಾಡಲು ಸರಕಾರದ ಮಿಷನ್ ವಾತ್ಸಲ್ಯ ಎಂಬ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡುವ ಪ್ರಾಯೋಜಕತ್ವವೂ ಇದೆ. ಅದಕ್ಕೆ ಅರ್ಜಿ ಬರೆದುಕೊಡುವ ಕೆಲಸ ಈ ಕೇಂದ್ರದಲ್ಲಿ ನಡೆಯುತ್ತಿರಲಿಲ್ಲ.

ಧರ್ಮದ ವಿಷಯವನ್ನು ಕೆಲವರು ಪಿಸುಮಾತಿನಲ್ಲಿ ಕೇಳುತ್ತಾರೆ. ನಾನು ಕಂಡ ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ತಿನ್ನುವ ಮೊದಲು ಅಕ್ಕ ಒಂದು ಸಣ್ಣ ಪ್ರಾರ್ಥನೆ ಮಾಡಿದರು. ಮಕ್ಕಳು ಕೈಮುಗಿದು ಕೂತಿದ್ದರು, ಕೆಲವರು ಆಗಲೇ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದರು, ಯಾರೂ ಗದರಲಿಲ್ಲ. ಭಾನುವಾರ ಚರ್ಚಿಗೆ ಬಂದರೆ ಮಾತ್ರ ಸಂಜೆಯ ಪಾಠ ಎಂಬ ಷರತ್ತು ಎಲ್ಲಿಯಾದರೂ ಕಂಡುಬಂದರೆ ಅಲ್ಲಿಗೆ ಹಣ ಕೊಡಬೇಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಪ್ರತಿಫಲ ಬಯಸಿ ಕೊಟ್ಟದ್ದು ದಾನವಾಗುವುದಿಲ್ಲ.

ರಸೀದಿ, ಲೆಕ್ಕಪತ್ರಗಳಲ್ಲಿ ದೂರಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ದಾನಕ್ಕೆ ಸಿಗುವ ತೆರಿಗೆ ವಿನಾಯಿತಿಗೆ (80ಜಿ) ಬೇಕಾದ ಪ್ರಮಾಣಪತ್ರ ಸಮಯಕ್ಕೆ ಬಂದಿದೆ. ಆಡಳಿತ ವೆಚ್ಚ ಎಷ್ಟು ಎಂದು ಮಾತ್ರ ಕೇಳಿಯೇ ತಿಳಿಯಬೇಕು: ವಿದೇಶಿ ದೇಣಿಗೆಯಲ್ಲಿ ಅದು ಶೇ. 20 ಮೀರಬಾರದೆಂದು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿ ಹೇಳುತ್ತದೆ, ಆದರೆ ಆ ಕಾಯ್ದೆ ನಾವು ಕೊಡುವ ದೇಶದೊಳಗಿನ ಹಣಕ್ಕೆ ಅನ್ವಯಿಸುವುದಿಲ್ಲ.

ನಾನು ಹಣ ಕಟ್ಟುವುದನ್ನು ನಿಲ್ಲಿಸಿಲ್ಲ. ಹೊಸ ಕಾರ್ಡನ್ನು ಹಿಂದಿರುಗಿಸಿ, ಹಣವನ್ನು ಅದೇ ಕೇಂದ್ರದ ಸಾಮಾನ್ಯ ನಿಧಿಗೆ ಹಾಕುವಂತೆ ಬರೆದುಕೊಟ್ಟಿದ್ದೇನೆ. ಅರ್ಜಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಆ ಆಯ್ಕೆಯಿದೆ, ಮೇಜಿನ ಬಳಿ ಕೂತವರು ತಾವಾಗಿ ಹೇಳುವುದಿಲ್ಲ. ಅದನ್ನು ಆರಿಸಿಕೊಂಡವರಿಗೆ ಭಾವಚಿತ್ರವಾಗಲಿ ಮಗುವಿನ ಪತ್ರವಾಗಲಿ ಬರುವುದಿಲ್ಲ. ವರ್ಷಕ್ಕೊಮ್ಮೆ ಕೇಂದ್ರದ ಖರ್ಚಿನ ವರದಿ ಬರುತ್ತದೆ.