ಚಿಕ್ಕಪ್ಪನ ಹಳೇ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್: ಒಂದು ಮಳೆಗಾಲ ಕಳೆದ ಮೇಲೆ

ಕೊಡಗಿನ ಶಾಂತಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನಿಗೆ ಈಗ 68 ವರ್ಷ. ತೋಟದ ಲೆಕ್ಕ, ಆಳುಗಳ ಬಟವಾಡೆ, ಮೆಣಸು ಮಾರಿದ ಬಿಲ್ಲು, ಪಹಣಿಯ ಸ್ಕ್ಯಾನ್ ಎಲ್ಲವೂ 2016ರಲ್ಲಿ ತಗೊಂಡ ಒಂದು ಲ್ಯಾಪ್‌ಟಾಪ್‌ನಲ್ಲಿವೆ. ಇಂಟೆಲ್‌ನ ಆರನೇ ತಲೆಮಾರಿನ ಚಿಪ್, 4 ಜಿಬಿ ರ‍್ಯಾಮ್. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11 ಆ ಚಿಪ್ಪನ್ನು ಒಪ್ಪುವುದಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ "ಇನ್ನು ಇದು ಗುಜರಿಗೆ ಸರಿ, ಹೊಸದು ತಗೊಳ್ಳಿ" ಅಂದರಂತೆ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಹಾಗೆ ಬಿಸಾಕಲು ನನಗೆ ಮನಸ್ಸು ಬರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ, ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದ ವಾರ, ಕುಶಾಲನಗರದಿಂದ ಹೋಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22.1 ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟೆ. ಹಳೇ ಯಂತ್ರಕ್ಕೆ ಹಗುರವಾಗಲಿ ಅಂತ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೇ ಆರಿಸಿದೆ.

ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಹೊಸಬರಿಗೆ ಮಿಂಟ್ ಒಳ್ಳೆಯದು, ಕೊಡಿಸಿ. ಆದರೆ ಹಾಕಿಕೊಟ್ಟು ಬಂದುಬಿಡಬೇಡಿ. ಅದು ತೋರಿಸುವ ಎಚ್ಚರಿಕೆಗಳಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಹೇಳಿಕೊಡಲು ಮೊದಲ ಕೆಲವು ತಿಂಗಳು ಒಬ್ಬರು ಫೋನಿಗಾದರೂ ಸಿಗಬೇಕು. ಮಿಂಟ್ ಆ ಕೆಲಸ ಮಾಡುವುದಿಲ್ಲ.

ಹಾಕುವ ಮೊದಲೇ ಒಂದು ಪಾಠ ಆಯಿತು. ಡೌನ್‌ಲೋಡ್ ಮಾಡಿದ ಕಡತ ಅಸಲಿಯೇ ಅಂತ ನೋಡಬೇಕು. 2016ರ ಫೆಬ್ರವರಿ 20ರಂದು ಮಿಂಟ್‌ನ ವೆಬ್‌ಸೈಟನ್ನೇ ಕಳ್ಳರು ಹೊಕ್ಕು, ಡೌನ್‌ಲೋಡ್ ಲಿಂಕನ್ನು ಹಿಂಬಾಗಿಲು ಇಟ್ಟಿದ್ದ ನಕಲಿ ಕಡತಕ್ಕೆ ತಿರುಗಿಸಿದ್ದರು. ತಂಡದವರೇ ಅದನ್ನು ತಕ್ಷಣ ಎಲ್ಲರಿಗೂ ತಿಳಿಸಿದರು. ಈ ಕಥೆ ಕೇಳಿದ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಕೂತರು. ನಾನು ಇಳಿಸಿದ ಕಡತದ ಶಾ-256 ಮೊತ್ತ ತೆಗೆದೆ, ಅಂದರೆ ಆ ಕಡತದ ಬೆರಳಚ್ಚಿನಂಥ ಸಂಕೇತ. 64 ಅಕ್ಷರ. ನಾನು ಪರದೆ ನೋಡಿ ಓದುವುದು, ಅವರು ವೆಬ್‌ಸೈಟಿನಿಂದ ಬರೆದುಕೊಂಡ ಹಾಳೆಯಲ್ಲಿ ಟಿಕ್ ಹಾಕುವುದು. ಲಾರಿಗೆ ಮೂಟೆ ಏರಿಸುವಾಗ ಎಣಿಸುವ ಹಾಗೆಯೇ, ಒಂದೂ ತಪ್ಪಲಿಲ್ಲ. ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿ ಇರಲಿ ಅಂತ ಇನ್‌ಸ್ಟಾಲ್ ಮಾಡುವಾಗಲೇ ಆಯ್ಕೆ ಮಾಡಿದೆವು. ಪಹಣಿ, ಬ್ಯಾಂಕ್ ಕಾಗದ ಎಲ್ಲ ಇರುವ ಯಂತ್ರ ಕಳುವಾದರೆ ಕಷ್ಟ ಅಲ್ವಾ. ಆ ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆಗೆಯಲಾಗುವುದಿಲ್ಲ ಅಂತ ಎರಡು ಸಲ ಹೇಳಿದೆ. ಚಿಕ್ಕಮ್ಮ ಅದನ್ನು ಬರೆದು ಬೀರುವಿನಲ್ಲಿ ಇಟ್ಟಿದ್ದಾರೆ.

ಮೊದಲ ಸಲ ಆನ್ ಮಾಡಿದಾಗಲೇ ಕಪ್ಪು ಪರದೆಯ ಮೇಲೆ ಒಂದು ಸಾಲು ಬಂತು. ಫರ್ಮ್‌ವೇರ್ ಬಗ್, ಟಿಎಸ್‌ಸಿ ಡೆಡ್‌ಲೈನ್ (ಪ್ರೊಸೆಸರ್‌ನ ಒಂದು ಟೈಮರ್) ನಿಲ್ಲಿಸಲಾಗಿದೆ, ಮೈಕ್ರೋಕೋಡ್ ಅಪ್‌ಡೇಟ್ ಮಾಡಿ ಅಂತ. ಚಿಕ್ಕಪ್ಪನಿಗೆ ಕಂಡಿದ್ದು "ಬಗ್" ಒಂದೇ. ಇದು ಮಾತ್ರ ಕೇಳಲೇಬೇಕಾದ ಎಚ್ಚರಿಕೆ. ಪ್ರೊಸೆಸರ್ ಒಳಗಿನ ತಪ್ಪುಗಳಿಗೆ ಇಂಟೆಲ್ ಕೊಡುವ ತಿದ್ದುಪಡಿಗೆ ಮೈಕ್ರೋಕೋಡ್ ಅನ್ನುತ್ತಾರೆ. 2018ರ ಜನವರಿಯಲ್ಲಿ ಸುದ್ದಿಯಾದ ಸ್ಪೆಕ್ಟರ್‌ನಂಥ ದೋಷಗಳ ಪರಿಹಾರದಲ್ಲೂ ಇದರ ಪಾಲಿದೆ. ಅವರ ಯಂತ್ರದಲ್ಲಿ ಇಂಟೆಲ್-ಮೈಕ್ರೋಕೋಡ್ ಪ್ಯಾಕೇಜ್ ಇರಲಿಲ್ಲ. ಹಾಕಿ ರೀಸ್ಟಾರ್ಟ್ ಮಾಡಿದೆ, ಸಾಲು ಹೋಯಿತು. ಇದು ಚಿಪ್‌ಗೆ ಶಾಶ್ವತವಾಗಿ ಬರೆಯುವಂಥದ್ದಲ್ಲ, ಪ್ರತಿ ಸಲ ಆನ್ ಆಗುವಾಗ ಹೊಸದಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ ಯಂತ್ರ ಕೆಡುವ ಭಯ ಇಲ್ಲ.

ಏಪ್ರಿಲ್‌ನಲ್ಲಿ ಒಂದು ಸಂಜೆ ಫೋನ್. ಟವರ್ ಸಿಗುವ ಕಣದ ಮೂಲೆಗೆ ಬಂದು ಮಾಡಿದ್ದರು. "ಪುಟ್ಟಿ, ಏನೋ ಕಳೆದುಹೋಗಿದೆಯಂತೆ ಕಣಮ್ಮ. ಐದಾರು ಸಾಲು ಬಂದಿದೆ. ನಾನು ಏನೂ ಮುಟ್ಟಿಲ್ಲ." ಫೋಟೋ ಕಳಿಸಿದರು. ಅಪ್‌ಡೇಟ್ ನಡೆಯುವಾಗ ವಿವರ ತೋರಿಸು ಅಂತ ಒತ್ತಿದ್ದಾರೆ. ಐ915 ಮಾಡ್ಯೂಲ್‌ಗೆ ಈ ಫರ್ಮ್‌ವೇರ್ ಇಲ್ಲದಿರಬಹುದು, ಆ ಫರ್ಮ್‌ವೇರ್ ಇಲ್ಲದಿರಬಹುದು ಅಂತ ಸಾಲುಸಾಲು.

ಹೊಸಬರು ಜಾಸ್ತಿ ಹೆದರುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗ್ರಾಫಿಕ್ಸ್ ಚಿಪ್, ವೈಫೈ ಚಿಪ್‌ಗಳ ಒಳಗೆ ಓಡುವ ಸಣ್ಣ ಪ್ರೋಗ್ರಾಂಗೆ ಫರ್ಮ್‌ವೇರ್ ಅನ್ನುತ್ತಾರೆ. ಐ915 ಎಂಬುದು ಇಂಟೆಲ್ ಗ್ರಾಫಿಕ್ಸ್‌ನ ಡ್ರೈವರ್, ಅಂದರೆ ಆ ಚಿಪ್ಪನ್ನು ನಡೆಸುವ ಪ್ರೋಗ್ರಾಂ. ಹತ್ತಾರು ತಲೆಮಾರಿನ ಚಿಪ್‌ಗಳಿಗೆ ಇದೊಂದೇ ಡ್ರೈವರ್. ಹೊಸ ಕರ್ನಲ್ (ಸಿಸ್ಟಮ್‌ನ ತಿರುಳು) ಬಂದಾಗ ಸಿಸ್ಟಮ್ ಆ ಡ್ರೈವರ್ ಕೇಳಬಹುದಾದ ಎಲ್ಲ ಕಡತಗಳ ಪಟ್ಟಿ ಹಿಡಿದು ನೋಡುತ್ತದೆ, ಸಿಗದ್ದನ್ನು ಹೇಳುತ್ತದೆ. ಚಿಕ್ಕಪ್ಪನಿಗೆ ಜೀಪಿನ ಮಾತಲ್ಲಿ ಹೇಳಿದೆ. "ಮೆಕ್ಯಾನಿಕ್ ಹತ್ತಿರ ಎಲ್ಲ ಮಾಡೆಲ್‌ಗಳ ಸ್ಪೇರ್ ಪಟ್ಟಿ ಇದೆ. ಈ ನಾಲ್ಕು ನನ್ನ ಹತ್ತಿರ ಇಲ್ಲ ಅಂತಾನೆ. ಆ ನಾಲ್ಕೂ ನಿಮ್ಮ ಜೀಪಿನವೇ ಅಲ್ಲ, ಚಿಕ್ಕಪ್ಪ."

ಅದು ನಮ್ಮದೋ ಅಲ್ಲವೋ ಅಂತ ಕಂಡುಹಿಡಿಯುವುದು ಸುಲಭ. ಕಡತದ ಹೆಸರಿನ ಮೊದಲ ಅಕ್ಷರಗಳೇ ಚಿಪ್‌ನ ತಲೆಮಾರು ಹೇಳುತ್ತವೆ. ಇವರ ಚಿಪ್ ಸ್ಕೈಲೇಕ್, ಅಂದರೆ ಎಸ್‌ಕೆಎಲ್. ಫೋಟೋದಲ್ಲಿದ್ದದ್ದು ಎಂಟಿಎಲ್, ಡಿಜಿ2. ಎಂಟಿಎಲ್ ಅಂದರೆ 2023ರ ಡಿಸೆಂಬರ್‌ನಲ್ಲಿ ಬಂದ ಮೀಟಿಯರ್ ಲೇಕ್. ಡಿಜಿ2 ಅಂದರೆ ಇಂಟೆಲ್‌ನ ಬೇರೆಯೇ ಗ್ರಾಫಿಕ್ಸ್ ಕಾರ್ಡ್. 2016ರ ಲ್ಯಾಪ್‌ಟಾಪ್‌ಗೂ ಇವೆರಡಕ್ಕೂ ಸಂಬಂಧವೇ ಇಲ್ಲ. ಎಸ್‌ಕೆಎಲ್ ಅಂತ ಬಂದಿದ್ದರೆ, ಇಲ್ಲವೇ ಪರದೆ ಮಿನುಗುವುದು, ವೈಫೈ ಕಾಣದಿರುವುದು ಇದ್ದಿದ್ದರೆ ಆಗ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಸರಿಯಾಗಿದೆಯೇ ನೋಡಬೇಕಿತ್ತು. ಯಾರದೋ ಮಾತು ಕೇಳಿ ಎಲ್ಲಿಂದಲೋ ಆ ಕಡತಗಳನ್ನು ಇಳಿಸಿ ಸಿಸ್ಟಮ್ ಫೋಲ್ಡರ್‌ಗೆ ತುರುಕಬೇಡಿ. ಅದೇ ನಿಜವಾದ ಅಪಾಯ.

ಜುಲೈನಲ್ಲಿ ಇನ್ನೊಂದು ಬಂತು. ಗ್ನೋಮ್ ಫರ್ಮ್‌ವೇರ್ ಅನ್ನುವ ಆ್ಯಪ್ ಹಾಕಿಕೊಟ್ಟಿದ್ದೆ. ಅದರ ಹಿಂದೆ ಕೆಲಸ ಮಾಡುವುದು ಎಫ್‌ಡಬ್ಲ್ಯುಯುಪಿಡಿ. ಲ್ಯಾಪ್‌ಟಾಪ್ ತಯಾರಕರೇ ಎಲ್‌ವಿಎಫ್‌ಎಸ್ ಎಂಬ ಸರ್ವರ್‌ಗೆ ಹಾಕಿದ ಕಡತಗಳನ್ನು ಇದು ತಂದುಕೊಡುತ್ತದೆ. ಚಿಕ್ಕಪ್ಪನ ಯಂತ್ರದ ಬಯಾಸ್‌ಗೆ (ಆನ್ ಮಾಡಿದೊಡನೆ ಮೊದಲು ಓಡುವ ಫರ್ಮ್‌ವೇರ್) ಅಲ್ಲಿ ಏನೂ ಇರಲಿಲ್ಲ, ಯುಇಎಫ್‌ಐ ಡಿಬಿಎಕ್ಸ್ ಅಂತ ಒಂದು ಇತ್ತು. ತೋಟದ ಗೇಟಿನವನ ಕೈಗೆ "ಇವರನ್ನು ಒಳಗೆ ಬಿಡಬೇಡ" ಅಂತ ಕೊಟ್ಟ ಪಟ್ಟಿ ಇದ್ದ ಹಾಗೆ. ಸೆಕ್ಯೂರ್ ಬೂಟ್ ಆನ್ ಇದ್ದಾಗ, ದೋಷವಿದೆ ಅಂತ ಗೊತ್ತಾದ, ಸಿಸ್ಟಮ್ ಶುರು ಮಾಡುವ ಹಳೇ ಬೂಟ್ ಪ್ರೋಗ್ರಾಂಗಳನ್ನು ಯಂತ್ರ ಈ ಪಟ್ಟಿ ನೋಡಿ ತಡೆಯುತ್ತದೆ. 2020ರಲ್ಲಿ ಗ್ರಬ್ ಎಂಬ ಬೂಟ್ ಪ್ರೋಗ್ರಾಂನಲ್ಲಿ ಬೂಟ್‌ಹೋಲ್ ಎಂಬ ದೋಷ ಸಿಕ್ಕ ಮೇಲೆ ಈ ಪಟ್ಟಿ ತುಂಬ ಬೆಳೆಯಿತು.

ಇದನ್ನು ಮಾಡಲೇಬೇಕು. ಆದರೆ ಶಾಂತಳ್ಳಿಯ ಜುಲೈನಲ್ಲಿ ಅಲ್ಲ! ಪುಷ್ಪಗಿರಿ ಕಡೆಯ ಮಳೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮರ ಲೈನ್ ಮೇಲೆ ಬಿದ್ದರೆ ಕರೆಂಟು ಮೂರು ದಿನ ಇಲ್ಲ. ಅವರ ಬ್ಯಾಟರಿ ನಿಲ್ಲುವುದು 40 ನಿಮಿಷ. ಫರ್ಮ್‌ವೇರ್ ಬರೆಯುವಾಗ ಯಂತ್ರ ಆಫ್ ಆದರೆ ಮತ್ತೆ ಏಳದೇ ಹೋಗಬಹುದು. ಅದಕ್ಕೇ ಚಾರ್ಜರ್ ಹಾಕದಿದ್ದರೆ, ಬ್ಯಾಟರಿ ಕಡಿಮೆ ಇದ್ದರೆ ಈ ಆ್ಯಪ್ ಅಂಥ ಅಪ್‌ಡೇಟ್ ಶುರು ಮಾಡುವುದಿಲ್ಲ. ಅದು ನನಗೆ ಬಹಳ ಇಷ್ಟವಾಯಿತು. "ಮಳೆ ನಿಲ್ಲಲಿ ಚಿಕ್ಕಪ್ಪ, ಅಲ್ಲೀವರೆಗೆ ಅದನ್ನು ಒತ್ತಬೇಡಿ" ಅಂದೆ. ಕೈಲ್‌ಪೊದ್ ಹಬ್ಬ ಕಳೆದ ಮೇಲೆ ನಮ್ಮ ಮನೆಗೆ ಬಂದಾಗ ಲ್ಯಾಪ್‌ಟಾಪ್ ತಂದರು. ಮೊದಲು ಮಾಮೂಲಿ ಅಪ್‌ಡೇಟ್‌ಗಳನ್ನೆಲ್ಲ ಮುಗಿಸಿದೆವು. ಹಳೇ ಬೂಟ್ ಪ್ರೋಗ್ರಾಂ ಉಳಿದಿದ್ದರೆ ಹೊಸ ಪಟ್ಟಿ ಅದನ್ನೂ ತಡೆದುಬಿಡುತ್ತದೆ. ಆಮೇಲೆ ಇನ್ವರ್ಟರ್ ಪಾಯಿಂಟ್‌ಗೆ ಚಾರ್ಜರ್ ಹಾಕಿ ಡಿಬಿಎಕ್ಸ್ ಒತ್ತಿದೆವು. ಕಾಫಿ ಕುಡಿದು ಮುಗಿಸುವುದರೊಳಗೆ ಕೆಲಸ ಆಗಿತ್ತು.

ಮಿಂಟ್ ಬಗ್ಗೆ ನನ್ನ ದೊಡ್ಡ ತಕರಾರು ಫೈರ್‌ವಾಲ್‌ನದು. ಒಳಗೆ ಇದೆ, ಆದರೆ ಆಫ್ ಆಗಿಯೇ ಬರುತ್ತದೆ. ಮೆನುವಿನಲ್ಲಿ ಫೈರ್‌ವಾಲ್ ಕಾನ್ಫಿಗರೇಶನ್ ತೆರೆದು ಒಂದು ಗುಂಡಿ ಸರಿಸಿದರೆ ಸಾಕು. ಹೊರಗಿನಿಂದ ಬರುವುದಕ್ಕೆ ತಡೆ, ಒಳಗಿನಿಂದ ಹೋಗುವುದಕ್ಕೆ ಅನುಮತಿ. ಮನೆಯ ರೂಟರ್ ಹಿಂದೆ ಇದರ ಅಗತ್ಯ ಕಡಿಮೆ ಇರಬಹುದು. ಆದರೆ ಚಿಕ್ಕಪ್ಪ ಬೆಂಗಳೂರಿಗೆ ಹೋದರೆ ಸಿಕ್ಕಸಿಕ್ಕ ವೈಫೈಗೆ ಸೇರಿಕೊಳ್ಳುತ್ತಾರೆ. ಹೊಸಬರಿಗೆ ಇದು ಆನ್ ಆಗಿಯೇ ಬರಬೇಕಿತ್ತು.

ಟೈಮ್‌ಶಿಫ್ಟ್ ತುಂಬ ಒಳ್ಳೆಯ ಸಾಧನ. ಅಪ್‌ಡೇಟ್ ಕೈಕೊಟ್ಟರೆ ನಿನ್ನೆಯ ಸ್ಥಿತಿಗೆ ಮರಳಬಹುದು. ಆದರೆ ಅದು ನಿಮ್ಮ ಸ್ವಂತ ಕಡತಗಳನ್ನು ಉಳಿಸುವುದಿಲ್ಲ, ನಾವಾಗಿ ಹೇಳದಿದ್ದರೆ ಹೋಮ್ ಫೋಲ್ಡರ್ ಬಿಟ್ಟುಬಿಡುತ್ತದೆ. ಚಿಕ್ಕಪ್ಪ ಮೊಮ್ಮಗಳ ಫೋಟೋಗಳೂ ಅದರಲ್ಲೇ ಭದ್ರವಾಗಿವೆ ಅಂದುಕೊಂಡಿದ್ದರು. ಈಗ ಒಂದು ಹೊರಗಿನ ಡಿಸ್ಕ್ ಇದೆ. ಸೋಮವಾರಪೇಟೆ ಸಂತೆಯ ದಿನ ರಾತ್ರಿ ಲೆಕ್ಕ ಬರೆದು, ಅದಕ್ಕೊಂದು ಪ್ರತಿ ಹಾಕಿ, ಡಿಸ್ಕ್ ಬಿಚ್ಚಿ ಬೀರುವಿನಲ್ಲಿ ಇಡುತ್ತಾರೆ.

ಆ್ಯಂಟಿವೈರಸ್ ಬೇಕು ಅಂತ ಮೂರು ಸಲ ಕೇಳಿದರು. ಬೇಡ ಅಂದೆ. ಪ್ರೋಗ್ರಾಂಗಳನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಮಾತ್ರ ಹಾಕಿ, ಅಪ್‌ಡೇಟ್ ತಾನಾಗಿ ಆಗುವಂತೆ ಹೊಂದಿಸಿ, ಅಷ್ಟು ಸಾಕು. ಮಿಂಟ್ 22ರಿಂದ ಪರಿಶೀಲನೆಯಾಗದ ಫ್ಲಾಟ್‌ಪ್ಯಾಕ್ ರೂಪದ ಆ್ಯಪ್‌ಗಳನ್ನು ಮೊದಲಿಗೆ ತೋರಿಸುವುದೇ ಇಲ್ಲ, ಅದೂ ಒಳ್ಳೆಯದಾಯಿತು. ಫೋನ್ ಮಾಡಿ ಓಟಿಪಿ ಕೇಳುವವರಿಂದ ಮಾತ್ರ ಯಾವ ಸಿಸ್ಟಮ್ಮೂ ಕಾಯುವುದಿಲ್ಲ ಅಂತ ಚಿಕ್ಕಮ್ಮನಿಗೂ ಹೇಳಿ ಬಂದೆ.

ಕನ್ನಡ ಟೈಪ್ ಮಾಡಲು ಕಗಪ ಕೀಲಿಮಣೆ ಸಿಸ್ಟಮ್ ಒಳಗೇ ಇದೆ, ಬಟವಾಡೆ ಪಟ್ಟಿಯಲ್ಲಿ ಆಳುಗಳ ಹೆಸರೆಲ್ಲ ಈಗ ಕನ್ನಡದಲ್ಲೇ. ಆದರೆ ನಮ್ಮನ್ನು ಹೆದರಿಸಿದ ಆ ಎಚ್ಚರಿಕೆಗಳು ಒಂದೂ ಕನ್ನಡದಲ್ಲಿ ಇರಲಿಲ್ಲ. ಇದ್ದಿದ್ದರೆ ಏಪ್ರಿಲ್‌ನ ಆ ಫೋನ್ ಬರುತ್ತಿರಲಿಲ್ಲವೇನೋ. ಒಟ್ಟು ಖರ್ಚು ಒಂದು ಪೆನ್‌ಡ್ರೈವ್, ಒಂದು ಹೊರಗಿನ ಡಿಸ್ಕ್. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. 22.2 ಬಂದಾಗ ಚಿಕ್ಕಪ್ಪ ಅಪ್‌ಡೇಟ್ ಮ್ಯಾನೇಜರ್‌ನಿಂದ ಅವರೇ ಹಾಕಿಕೊಂಡರು. ಮುಗಿದ ಮೇಲೆ ಫೋನ್ ಮಾಡಿದರು. "ಮತ್ತೆ ಆ ಸಾಲುಗಳು ಬಂದವು ಪುಟ್ಟಿ. ಎಸ್‌ಕೆಎಲ್ ಅಂತ ಎಲ್ಲೂ ಇರಲಿಲ್ಲ, ಬಿಟ್ಟೆ."