ಟ್ಯಾಂಕಿನೊಳಗಿನ ಫ್ಯೂಯಲ್ ಪಂಪ್: ಲೋಕಲ್ ಮೋಟರ್, ಒರಿಜಿನಲ್ ಮೋಟರ್, ಪೂರ್ತಿ ಅಸೆಂಬ್ಲಿ

ಡೈರಿ ಸರ್ಕಲ್ ಮೇಲ್ಸೇತುವೆಯ ಏರಿನಲ್ಲಿ ನನ್ನ 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಪಿಕಪ್ ಕಳೆದುಕೊಂಡು ತಿಣುಕುವುದು, ಇಳಿಜಾರಿಗೆ ಬಂದೊಡನೆ ಏನೂ ಆಗಿಲ್ಲವೆಂಬಂತೆ ಓಡುವುದು ಒಂದು ತಿಂಗಳಿನಿಂದ ನಡೆದಿತ್ತು. ಪರಿಚಯದ ಗ್ಯಾರೇಜಿನವರು ಫ್ಯೂಯಲ್ ಪಂಪ್ ಹೋಗಿದೆಯೆಂದು ಹೇಳಿ, ಕೂಲಿಯೂ ಸೇರಿ 9,500 ರೂಪಾಯಿ ಆಗುತ್ತದೆಂದರು. ನನ್ನ ಕಾರಿನಲ್ಲಿ ಹಿಂದಿನ ಸೀಟನ್ನು ಎತ್ತಿದರೆ ಪಂಪಿನ ಮುಚ್ಚಳ ಕೈಗೆ ಸಿಗುವುದರಿಂದ ಈ ಕೆಲಸವನ್ನು ಮನೆಯಲ್ಲಿಯೇ ಮಾಡಬಹುದೆನಿಸಿತು. ಆ ಧೈರ್ಯದ ಫಲವಾಗಿ ಮೂರು ವರ್ಷಗಳಲ್ಲಿ ನಾಲ್ಕು ಬಾರಿ ಪೆಟ್ರೋಲ್ ಟ್ಯಾಂಕಿನೊಳಗೆ ಕೈ ಹಾಕಿದ್ದೇನೆ: ಮೂರು ಬಾರಿ ನನ್ನ ಕಾರಿನಲ್ಲಿ, ಒಮ್ಮೆ ಭಾವನವರ ಕಾರಿನಲ್ಲಿ. ಲೋಕಲ್ ಮೋಟರ್, ಗುಜರಿಯ ಅಸೆಂಬ್ಲಿ, ಒರಿಜಿನಲ್ ಮೋಟರ್, ಹೊಸ ಅಸೆಂಬ್ಲಿ, ಈ ನಾಲ್ಕನ್ನೂ ಹಾಕಿ ನೋಡಿದ ಅನುಭವದಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಅಸೆಂಬ್ಲಿ ಎಂದರೆ ಪಂಪಿನ ಮೋಟರನ್ನೂ ಅದರ ಮುಚ್ಚಳ, ಫಿಲ್ಟರ್, ಫ್ಲೋಟ್ ಮೊದಲಾದವನ್ನೂ ಒಟ್ಟಿಗೆ ಜೋಡಿಸಿದ ಪೂರ್ತಿ ಘಟಕ. ಸೀಟಿನ ಕೆಳಗೆ ಮುಚ್ಚಳವಿಲ್ಲದೆ ಟ್ಯಾಂಕನ್ನೇ ಇಳಿಸಬೇಕಾದ ಕಾರುಗಳೂ ಇವೆ. ಅವುಗಳ ಮಟ್ಟಿಗೆ ಮನೆಯ ಕೆಲಸದ ಮಾತನ್ನೇ ನಾನು ಆಡುವುದಿಲ್ಲ.

ಕೊಳ್ಳುವ ಮುನ್ನ ಅಳೆಯುವುದು ಕಡ್ಡಾಯ. ನಮ್ಮ ದೊಡ್ಡಪ್ಪನವರು ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ, ಅದು 2008ರಲ್ಲಿ ಬಾಷ್ ಎಂಬ ಹೆಸರು ಪಡೆಯುವುದಕ್ಕೂ ಬಹಳ ಮೊದಲು, ಡೀಸೆಲ್ ಇಂಜೆಕ್ಷನ್ ಪಂಪಿನ ವಿಭಾಗದಲ್ಲಿ ಕೆಲಸ ಮಾಡಿದವರು. ಗೇಜ್ ಹಾಕದೆ ಪಾನಾ ಮುಟ್ಟುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅವರ ಮಾತಿನಂತೆ ಎಂಜಿನ್ನಿಗೆ ಹೋಗುವ ಪೆಟ್ರೋಲ್ ಪೈಪಿಗೆ ಟೀ ಜಾಯಿಂಟ್ ಮೂಲಕ ಪ್ರೆಷರ್ ಗೇಜ್ ಕೂರಿಸಿ ನೋಡಿದೆ. ಒತ್ತಡ ಸುಮಾರು 3 ಬಾರ್ (ಒತ್ತಡದ ಅಳತೆ) ಇರಬೇಕಾದಲ್ಲಿ 2.1 ಇತ್ತು, ಆಕ್ಸಿಲರೇಟರ್ ಒತ್ತಿದರೆ 1.6ಕ್ಕೆ ಇಳಿಯುತ್ತಿತ್ತು. ಆದರೆ ಇಷ್ಟರಿಂದಲೇ ಪಂಪನ್ನು ದೂರುವಂತಿಲ್ಲ. ತುಕ್ಕು ಹಿಡಿದ ಅರ್ತಿಂಗ್, ಸುಟ್ಟ ರಿಲೇ, ವೈರುಗಳನ್ನು ಕೂಡಿಸುವ ಕಪ್ಲರಿನ ಕಂದಿದ ಪಿನ್ನು, ಇವುಗಳಲ್ಲಿ ಯಾವುದಿದ್ದರೂ ಮೋಟರಿಗೆ ವೋಲ್ಟೇಜ್ ಸಾಲದೆ ಇದೇ ಲಕ್ಷಣ ಕಾಣುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 14.1 ವೋಲ್ಟ್, ಪಂಪಿನ ಕಪ್ಲರಿನಲ್ಲಿ 13.6 ವೋಲ್ಟ್ ಇದ್ದುದರಿಂದ ವೈರಿಂಗ್ ಸರಿಯಿದೆ, ದೋಷ ಟ್ಯಾಂಕಿನೊಳಗೇ ಇದೆ ಎಂಬುದು ಖಚಿತವಾಯಿತು.

ಎಲ್ಲಿ ಮಾಡಬೇಕು ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಸಣ್ಣದಲ್ಲ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ನೆರಳಾಗಿ, ತಂಪಾಗಿ, ಅನುಕೂಲವಾಗಿಯೇ ಇದೆ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ, ಗಾಳಿಯಲ್ಲಿ ಶೇಕಡ ಒಂದೂವರೆಯಷ್ಟು ಬೆರೆತರೂ ಹೊತ್ತಿಕೊಳ್ಳಬಲ್ಲದು, ಮತ್ತು ಅದೇ ತಗ್ಗಿನಲ್ಲಿ ಸಂಪಿನ ಮೋಟರ್ ತನಗೆ ಬೇಕಾದಾಗ ತಾನೇ ಆನ್ ಆಗುತ್ತದೆ. ಹೀಗಾಗಿ ನಾಲ್ಕು ಬಾರಿಯೂ ಪಕ್ಕದ ಖಾಲಿ ಸೈಟಿನಲ್ಲಿ, ಮಳೆಯ ಸೂಚನೆಯಿಲ್ಲದ ಬೆಳಗಿನ ಹೊತ್ತು, ಎಲ್ಲ ಬಾಗಿಲುಗಳನ್ನು ತೆರೆದಿಟ್ಟು, ಅಗ್ನಿಶಾಮಕ ಸಿಲಿಂಡರನ್ನು ಕೈಗೆಟಕುವಂತೆ ಇಟ್ಟುಕೊಂಡು ಕೆಲಸ ಮಾಡಿದೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಪೆಟ್ರೋಲ್ ಇರಬಾರದು. ಮೊದಲು ಪಂಪಿನ ರಿಲೇ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಮತ್ತೊಮ್ಮೆ ಸೆಲ್ಫ್ ಹೊಡೆದರೆ ಪೈಪಿನ ಒತ್ತಡ ಇಳಿಯುತ್ತದೆ. ಅನಂತರ ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಮುಚ್ಚಳದ ಸುತ್ತ ಹತ್ತು ವರ್ಷ ಕೂತ ಧೂಳನ್ನು ಬ್ರಷ್ಷಿನಿಂದ ಪೂರ್ತಿ ಒರೆಸದೆ ಬಿಚ್ಚಿದರೆ ಅದೆಲ್ಲವೂ ಟ್ಯಾಂಕಿಗೇ ಬೀಳುತ್ತದೆ.

ಮೊದಲ ಸಲ ಜೆ.ಸಿ. ರಸ್ತೆಯಲ್ಲಿ 850 ರೂಪಾಯಿಗೆ ಸಿಕ್ಕ ಲೋಕಲ್ ಮೋಟರನ್ನು ತಂದೆ. ಅಂಗಡಿಯವರು ಪ್ರಾಮಾಣಿಕರೇ. “ಸಾರ್, ಓಡುತ್ತೆ, ಗ್ಯಾರಂಟಿ ಮಾತ್ರ ಕೇಳ್ಬೇಡಿ” ಎಂದು ಮೊದಲೇ ಹೇಳಿದ್ದರು. ಹಳೆಯದರ ಪಕ್ಕದಲ್ಲಿಟ್ಟರೆ ಎರಡೂ ಅವಳಿಗಳಂತೆ ಕಾಣುತ್ತಿದ್ದವು, ಆದರೆ ಹೊರ ಅಳತೆ ಒಂದೇ ಇದ್ದ ಮಾತ್ರಕ್ಕೆ ಒಳಗಿನದೂ ಒಂದೇ ಎನ್ನಲಾಗದು. ಇದರ ಪ್ಲಸ್ ಮತ್ತು ಮೈನಸ್ ಪಿನ್ನುಗಳು ಅದಲುಬದಲಾಗಿದ್ದವು. ಅದನ್ನು ಗಮನಿಸದೆ ಜೋಡಿಸಿದ್ದರೆ ಮೋಟರ್ ಹಿಮ್ಮುಖವಾಗಿ ತಿರುಗಿ, ಸದ್ದು ಮಾತ್ರ ಬಂದು ಪೆಟ್ರೋಲ್ ಬರುತ್ತಿರಲಿಲ್ಲ. ಮೋಟರಿನ ಜೊತೆ ಬಂದ ಸ್ಟ್ರೈನರ್ ಜಾಲರಿಯ ಬಾಯಿ ವಾರೆಯಾಗಿದ್ದುದರಿಂದ ಅದು ಅಸೆಂಬ್ಲಿಯ ಬಟ್ಟಲಿನ ತಳಕ್ಕೆ ಸರಿಯಾಗಿ ಕೂರಲಿಲ್ಲ. ಹಳೆಯ ಜಾಲರಿಯನ್ನೇ ತೊಳೆದು ಹಾಕಿದೆ, ಅದು ನನ್ನದೇ ತಪ್ಪು.

ಕಾರು ಮಾತ್ರ ಹೊಸದರಂತೆ ಓಡಿತು. ಗೇಜಿನಲ್ಲಿ ಸರಿಯಾಗಿ 3 ಬಾರ್ ಬಂದಾಗ 9,500 ರೂಪಾಯಿಯ ಲೆಕ್ಕ ನೆನೆದು ಹಿಗ್ಗಿದೆ. ಆ ಹಿಗ್ಗು ಅರ್ಧ ತಿಳಿವಳಿಕೆಯದು. ನನ್ನ ಕಾರಿನಲ್ಲಿರುವಂತೆ, ಒತ್ತಡವನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಅಸೆಂಬ್ಲಿಯೊಳಗೇ ಇದ್ದಾಗ, ಮೋಟರ್ ಎಷ್ಟೇ ತಳ್ಳಿದರೂ ಹೆಚ್ಚಿನದನ್ನು ಅದು ಮತ್ತೆ ಟ್ಯಾಂಕಿಗೇ ಬಿಡುತ್ತದೆ. ಆದ್ದರಿಂದ ಐಡ್ಲಿಂಗಿನಲ್ಲಿ 3 ಬಾರ್ ತೋರಿಸುವುದು ಬಡಕಲು ಮೋಟರಿಗೂ ಕಷ್ಟವಲ್ಲ. ನಿಜವಾದ ಪರೀಕ್ಷೆ ಎರಡು. ಮೊದಲನೆಯದು ಬಿಸಿಯಾದಾಗಿನ ಒತ್ತಡ. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಎಸಿ ಹಾಕಿಕೊಂಡು ತೆವಳಿ ಮನೆಗೆ ಬಂದು ಬಿಸಿಯಲ್ಲೇ ಅಳೆದಾಗ ಅದು 2.6ಕ್ಕೆ ಇಳಿದಿತ್ತು. ಪಂಪಿನ ಮೋಟರನ್ನು ತಂಪಾಗಿಡುವುದು ಅದರೊಳಗೆ ಹರಿಯುವ ಮತ್ತು ಸುತ್ತಲೂ ನಿಂತಿರುವ ಪೆಟ್ರೋಲೇ. ಟ್ಯಾಂಕು ಖಾಲಿಯಾಗುತ್ತ ಬಂದಂತೆ ಆ ತಂಪೂ ಕಡಿಮೆಯಾಗುತ್ತದೆ. ಎರಡನೆಯದು ಎಂಜಿನ್ ಆಫ್ ಮಾಡಿದ ಮೇಲಿನ ಒತ್ತಡ. ಮೋಟರಿನ ಬಾಯಲ್ಲಿರುವ ಚೆಕ್ ವಾಲ್ವ್ ಪೈಪಿನ ಪೆಟ್ರೋಲ್ ಹಿಂದಿರುಗದಂತೆ ತಡೆದು ಮುಂದಿನ ಸ್ಟಾರ್ಟಿಗೆ ಒತ್ತಡವನ್ನು ಉಳಿಸಿಡಬೇಕು. ಲೋಕಲ್ ಮೋಟರಿನಲ್ಲಿ ಆರು ನಿಮಿಷಕ್ಕೆ ಗೇಜಿನ ಮುಳ್ಳು ಸೊನ್ನೆಗೆ ಬಂತು. ಬೆಳಗ್ಗೆ ಉದ್ದಕ್ಕೆ ಸೆಲ್ಫ್ ಹೊಡೆಯಬೇಕಾಗಿ ಬರುತ್ತಿದ್ದುದಕ್ಕೆ ಬ್ಯಾಟರಿ ಹಳತಾಗಿರುವುದೇ ಕಾರಣವೆಂದು ನಾನು ಎರಡು ತಿಂಗಳು ತಿಳಿದಿದ್ದೆ! ಕ್ಲಾಂಪ್ ಮೀಟರಿನಲ್ಲಿ ಅದು ಎಳೆಯುತ್ತಿದ್ದ ಕರೆಂಟು 5.4 ಆಂಪಿಯರ್; ಅನಂತರ ಹಾಕಿದ ಒರಿಜಿನಲ್ ಮೋಟರ್ ಅದೇ ಕೆಲಸವನ್ನು 3.8ರಲ್ಲಿ ಮಾಡಿತು. ಎಂಟನೆಯ ತಿಂಗಳಲ್ಲಿ ಲೋಕಲ್ ಮೋಟರ್ ಹಿಂದಿನ ಸೀಟಿನವರಿಗೂ ಕೇಳಿಸುವಂತೆ ಕೊರೆಯತೊಡಗಿ ಒಂದು ಸಂಜೆ ನಿಂತೇಹೋಯಿತು.

ಗುಜರಿಯ ಅಸೆಂಬ್ಲಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಶಿವಾಜಿನಗರದಲ್ಲಿ 1,500 ರೂಪಾಯಿಗೆ ತಂದೆ. ಪೆಟ್ರೋಲ್ ಎಷ್ಟಿದೆಯೆಂದು ಮೀಟರಿಗೆ ತಿಳಿಸುವ ಫ್ಲೋಟಿನ ರೆಸಿಸ್ಟೆನ್ಸ್ ಬೇರೆ ಮಾದರಿಯ ಕಾರಿನದಾಗಿತ್ತೋ ಏನೋ, ಅರ್ಧ ಟ್ಯಾಂಕಿದ್ದರೂ ಮೀಟರಿನ ಮುಳ್ಳು ತುಂಬಿದೆಯೆಂದೇ ತೋರಿಸುತ್ತಿತ್ತು. ಎಷ್ಟು ಓಡಿದೆ, ಎಷ್ಟು ತಿಂಗಳು ಬಿಸಿಲಿನಲ್ಲಿ ಒಣಗಿದೆ ಎಂಬುದು ಮಾರುವವರಿಗೂ ತಿಳಿಯದ ವಸ್ತುವಿಗಾಗಿ ಟ್ಯಾಂಕನ್ನು ಎರಡು ಸಲ ತೆರೆಯುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ. ಒಂದು ವಾರಕ್ಕೇ ತೆಗೆದೆ.

ಮೂರನೆಯ ಬಾರಿ ಹೆಸರಾಂತ ತಯಾರಕರ ಒರಿಜಿನಲ್ ಮೋಟರನ್ನು ಹೊಸ ಸ್ಟ್ರೈನರ್ ಸಮೇತ 2,600 ರೂಪಾಯಿಗೆ ಕೊಂಡೆ. ಜೊತೆಗೆ ಮುಚ್ಚಳದ ರಬ್ಬರ್ ಸೀಲಿಗೆ 180, ಒಂದು ತುಂಡು ಹೋಸಿಗೂ ಕ್ಲಿಪ್ಪುಗಳಿಗೂ ಸೇರಿ 270 ರೂಪಾಯಿ. ಮೋಟರಿನ ಗುಣದ ಬಗ್ಗೆ ದೂರುವುದಕ್ಕೆ ಏನೂ ಇಲ್ಲ: ತಣ್ಣಗಿದ್ದಾಗಲೂ ಟ್ರಾಫಿಕ್ಕಿನಲ್ಲಿ ಬೆಂದು ಬಂದಾಗಲೂ 3 ಬಾರ್, ಆಫ್ ಮಾಡಿ ಅರ್ಧ ಗಂಟೆಯಾದ ಮೇಲೂ 2.6. ಆದರೆ ಮೋಟರ್ ಮಾತ್ರ ಬದಲಿಸುವುದೆಂದರೆ ಹಳೆಯ ಅಸೆಂಬ್ಲಿಯನ್ನು ಮೇಜಿನ ಮೇಲೆ ಬಿಚ್ಚುವುದು ಎಂದರ್ಥ, ಮತ್ತು ಈ ದಾರಿಯ ಕಷ್ಟವೆಲ್ಲ ಅಲ್ಲಿಯೇ ಇದೆ. ಹತ್ತು ವರ್ಷ ಪೆಟ್ರೋಲಿನಲ್ಲಿ ನೆನೆದ ಪ್ಲಾಸ್ಟಿಕ್ ಲಾಕುಗಳು ಬಾಗುವುದಿಲ್ಲ, ಮುರಿಯುತ್ತವೆ. ನಾಲ್ಕರಲ್ಲಿ ಒಂದನ್ನು ನಾನು ಮುರಿದೆ, ಉಳಿದ ಮೂರು ಹಿಡಿದುಕೊಂಡಿದ್ದರಿಂದ ಬಚಾವಾದೆ. ಮೋಟರಿನಿಂದ ಮುಚ್ಚಳಕ್ಕೆ ಹೋಗುವ ಗಟ್ಟಿ ನೈಲಾನ್ ಕೊಳವೆಯನ್ನು ಎಳೆದು ತೆಗೆಯಲಾಗದು. ಅದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದು, ಬದಲಿಗೆ ಹೋಸ್ ಹಾಕಬೇಕು.

ಆ ಹೋಸಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯಲ್ಲಿ ಪೆಟ್ರೋಲ್ ಪೈಪ್ ಎಂದು ಕೇಳಿದರೆ ಕೊಡುವ ಸಾಮಾನ್ಯ ರಬ್ಬರ್ ಪೈಪು ಒಳಗಡೆ ಪೆಟ್ರೋಲ್ ಹರಿಯುವುದನ್ನು ತಾಳುತ್ತದೆಯೇ ಹೊರತು ಹೊರಮೈಯೂ ಪೆಟ್ರೋಲಿನಲ್ಲಿ ಮುಳುಗಿರುವುದನ್ನು ತಾಳುವುದಿಲ್ಲ; ಕೆಲವು ತಿಂಗಳಲ್ಲಿ ಅದು ಉಬ್ಬಿ, ಮೆತ್ತಗಾಗಿ, ಟ್ಯಾಂಕಿನೊಳಗೇ ಸೋರತೊಡಗಿದಾಗ ಹೊಸ ಮೋಟರ್ ಹಾಕಿದ್ದರೂ ಒತ್ತಡ ಕಡಿಮೆಯೇ ಕಾಣುತ್ತದೆ. ಮುಳುಗಿರಲೆಂದೇ ತಯಾರಾದ ಹೋಸಿನ ಮೇಲೆ ಎಸ್ಎಇ ಜೆ30 ಆರ್10 ಎಂಬ ಗುಣಮಟ್ಟದ ಗುರುತು ಅಚ್ಚಾಗಿರುತ್ತದೆ. ಒಂದಡಿ ಸಿಗುವುದಕ್ಕೆ ನಾನು ಐದು ಅಂಗಡಿಗಳನ್ನು ಸುತ್ತಿದೆ. ಮುಚ್ಚಳದ ಸೀಲಿನದೂ ಇಂಥದೇ ಕಥೆ. ಪೆಟ್ರೋಲ್ ಕುಡಿದು ಹಿಗ್ಗಿದ ಹಳೆಯ ರಬ್ಬರ್ ತನ್ನ ಕಾಲುವೆಗೆ ಮತ್ತೆ ಕೂರುವುದಿಲ್ಲ, ಒತ್ತಿ ಕೂರಿಸಿದರೆ ಒಂದು ಕಡೆ ಮಡಚಿಕೊಳ್ಳುತ್ತದೆ, ಮರುದಿನ ಕಾರಿನ ಒಳಗೆಲ್ಲ ಪೆಟ್ರೋಲ್ ವಾಸನೆ. ಗುಜರಿಯ ಪ್ರಯೋಗದಲ್ಲಿ ಸೀಲಿಗೆ 180 ರೂಪಾಯಿ ಉಳಿಸಲು ಹೋಗಿ, ಆ ವಾಸನೆಯ ನಡುವೆ ನಮ್ಮ ಅಕ್ಕನನ್ನು ಬನಶಂಕರಿಯವರೆಗೆ ಕರೆದುಕೊಂಡು ಹೋಗಿದ್ದೆ. ಅದನ್ನು ಆಕೆ ಇಂದಿಗೂ ಮರೆತಿಲ್ಲ.

ಹಾಗಿದ್ದೂ ಭಾವನವರು ತಮ್ಮ ಕಾರನ್ನು ನನ್ನ ಕೈಗೆ ಒಪ್ಪಿಸಿದ್ದು ಆಶ್ಚರ್ಯವೇ. ಅದರ ಪೆಟ್ರೋಲ್ ಮುಳ್ಳೂ ಸರಿಯಾಗಿ ಏಳುತ್ತಿರಲಿಲ್ಲ, ಎಂದರೆ ಮೋಟರಿನ ಜೊತೆ ಫ್ಲೋಟೂ ಹೋಗಿತ್ತು. ಆದ್ದರಿಂದ ಚಾಸಿಸ್ ನಂಬರ್ ಕೊಟ್ಟು ಪೂರ್ತಿ ಅಸೆಂಬ್ಲಿಯನ್ನೇ 6,800 ರೂಪಾಯಿಗೆ ತರಿಸಿದೆವು. ಮಾದರಿಯ ಹೆಸರು ಒಂದೇ ಇದ್ದರೂ ವರ್ಷದಿಂದ ವರ್ಷಕ್ಕೆ ಪಾರ್ಟ್ ನಂಬರ್ ಬದಲಾಗಿರಬಹುದಾದ್ದರಿಂದ ಚಾಸಿಸ್ ನಂಬರಿಲ್ಲದೆ ಇದನ್ನು ಕೊಳ್ಳಬಾರದು. ಹಳೆಯದನ್ನು ಎತ್ತಿ ಹೊಸದನ್ನು ಇಳಿಸಲು ಹಿಡಿದದ್ದು 50 ನಿಮಿಷ; ಮೋಟರ್ ಬದಲಿಸಿದ ದಿನ ನಾಲ್ಕು ಗಂಟೆ ಹಿಡಿದಿತ್ತು. ಇಡೀ ಕೆಲಸದಲ್ಲಿ ಕಷ್ಟವಾದದ್ದು ಮುಚ್ಚಳವನ್ನು ಹಿಡಿದಿರುವ ದೊಡ್ಡ ಪ್ಲಾಸ್ಟಿಕ್ ರಿಂಗನ್ನು ಸಡಿಲಿಸುವುದು ಮಾತ್ರ. ಅಲ್ಲಿ ಕಬ್ಬಿಣದ ಉಳಿ ಮತ್ತು ಸುತ್ತಿಗೆ ಸಲ್ಲವು, ಕಿಡಿಯ ಭಯವಿದೆ. ಮರದ ತುಂಡನ್ನು ರಿಂಗಿನ ಹಲ್ಲಿಗೆ ಕೊಟ್ಟು ರಬ್ಬರ್ ಸುತ್ತಿಗೆಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಿದೆ. ಹೊಸದನ್ನು ಇಳಿಸುವಾಗ ಮುಚ್ಚಳದ ಮೇಲಿನ ಬಾಣದ ಗುರುತನ್ನು ಟ್ಯಾಂಕಿನ ಗುರುತಿಗೆ ಸರಿಹೊಂದಿಸಬೇಕು. ಸ್ವಲ್ಪ ಓರೆಯಾದರೂ ಫ್ಲೋಟಿನ ತೋಳು ಟ್ಯಾಂಕಿನ ಗೋಡೆಗೆ ತಾಗಿ ಮೀಟರ್ ಸುಳ್ಳು ಹೇಳುತ್ತದೆ. ಎಲ್ಲ ಜೋಡಿಸಿದ ಮೇಲೆ ಸೆಲ್ಫ್ ಹೊಡೆಯುವ ಮೊದಲು ಕೀಲಿಯನ್ನು ಮೂರು ನಾಲ್ಕು ಸಲ ಆನ್ ಆಫ್ ಮಾಡಿ, ಪ್ರತಿ ಸಲವೂ ಒಂದೆರಡು ಸೆಕೆಂಡು ಪಂಪ್ ಓಡಲು ಬಿಟ್ಟು, ಸೀಟು ಮುಚ್ಚುವ ಮೊದಲೇ ಸೋರಿಕೆ ನೋಡಬೇಕು. ಆ ಕಾರಿಗೆ ಬೇಕಾದ 3.5 ಬಾರ್ ಮೊದಲ ಪ್ರಯತ್ನದಲ್ಲೇ ಬಂತು.

ಮೋಟರಿನ ಬೆಲೆಯಷ್ಟೇ ನೋಡಿದರೆ ಅಸೆಂಬ್ಲಿ ದುಬಾರಿ. ಆದರೆ ಅದರಲ್ಲಿ ರೆಗ್ಯುಲೇಟರ್, ಫಿಲ್ಟರ್, ಫ್ಲೋಟ್, ಕೊಳವೆ, ಕಪ್ಲರ್ ಎಲ್ಲವೂ ಹೊಸವು. 2023ರ ಫೆಬ್ರವರಿ 6ರಂದು ಇದೇ ಬೆಂಗಳೂರಿನಲ್ಲಿ ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲಿಗೆ (ಇ20) ಚಾಲನೆ ಸಿಕ್ಕಿತು, ಈಗ ಬಂಕಿನಲ್ಲಿ ತುಂಬಿಸುವುದು ಅದನ್ನೇ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕೆಂದು ತಯಾರಾಗದ ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಯಾವ ಮೋಟರನ್ನೇ ಕೊಂಡರೂ ಇ20 ತಾಳುತ್ತದೆಂದು ತಯಾರಕರು ಬರೆದು ಕೊಟ್ಟಿದ್ದಾರೆಯೇ ಎಂದು ನೋಡುತ್ತೇನೆ; ಲೋಕಲ್ ಮೋಟರಿನ ಡಬ್ಬಿಯ ಮೇಲೆ ತಯಾರಕರ ಹೆಸರೇ ಇರಲಿಲ್ಲ.

ಮೊದಲ ಬಾರಿಗೆ ಈ ಕೆಲಸಕ್ಕೆ ಕೈ ಹಾಕುವವರು ಅಸೆಂಬ್ಲಿಯನ್ನೇ ಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ನನ್ನ ಕಾರಿಗೆ ಮತ್ತೆ ಅಗತ್ಯ ಬಿದ್ದರೆ, ಫ್ಲೋಟ್ ಸರಿಯಾಗಿಯೇ ಇರುವವರೆಗೆ, ನಾನು ಒರಿಜಿನಲ್ ಮೋಟರನ್ನೇ ಹಾಕುವೆ. ಆದರೆ ಒಂದು ಲಾಕು ಈಗಾಗಲೇ ಮುರಿದಿರುವುದರಿಂದ ಇನ್ನೊಂದು ಮುರಿದರೆ ಆ ಆಯ್ಕೆಯೂ ಮುಗಿಯುತ್ತದೆ. ಮೋಟರ್ ಹಾಕಿ 20 ತಿಂಗಳಾದ ಮೇಲೆ ಕಳೆದ ಭಾನುವಾರ ಮತ್ತೆ ಗೇಜ್ ಕೂರಿಸಿ ನೋಡಿದೆ: 3 ಬಾರ್, ಅರ್ಧ ಗಂಟೆಯ ಮೇಲೆ 2.5. ಭಾವನವರ ಕಾರನ್ನೂ ಅಳೆದಿದ್ದರೆ ಹೋಲಿಕೆ ಪೂರ್ತಿಯಾಗುತ್ತಿತ್ತು. ಅಕ್ಕ ಬಾನೆಟ್ ತೆರೆಯಲು ಬಿಡಲಿಲ್ಲ. “ಓಡ್ತಿರೋ ಗಾಡೀನ ಮುಟ್ಟಬೇಡ, ಕೈ ತೊಳ್ಕೊಂಡು ಬಂದು ಊಟ ಮಾಡು” ಎಂದಳು.