ಧನ್ಯವಾದದ ಮೇಲ್ ಬರೆದುಕೊಡುವ ಸೇವೆ: ಒಕ್ಕಣೆ ಚೆನ್ನ, ಸಂಬೋಧನೆ ಎಡವಟ್ಟು

ತುಮಕೂರು ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತೇನೆ. ಈ ಸಲದ ಫೈನಲ್ ಇಯರ್ ಮಕ್ಕಳಿಗೆಂದು ನಮ್ಮ ಆಡಳಿತ ಮಂಡಳಿ ಒಂದು ಆನ್‌ಲೈನ್ ಸೇವೆಗೆ ಚಂದಾ ಕಟ್ಟಿತು. ಸಂದರ್ಶನ ಮುಗಿದ ಮೇಲೆ ಸಂದರ್ಶಕರಿಗೆ ಕಳಿಸುವ ಧನ್ಯವಾದದ ಮೇಲ್ ಅನ್ನು ಅದು ಸಿದ್ಧಮಾಡಿ ಕೊಡುತ್ತದೆ. ಸೇವೆಯ ಹೆಸರು ಹಾಕುತ್ತಿಲ್ಲ. ಇಂಥವು ಬೇಕಾದಷ್ಟಿವೆ, ನಾನು ಹೇಳುವ ತೊಂದರೆ ಇದೆಯೋ ಇಲ್ಲವೋ ಎಂದು ದುಡ್ಡು ಕೊಡುವ ಮುಂಚೆ ನೀವೇ ಪರೀಕ್ಷಿಸಿಕೊಳ್ಳಬಹುದು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ನಮ್ಮ ಮಕ್ಕಳು ಧನ್ಯವಾದ ಬರೆಯಲು ಕೂತರೆ ರಜಾ ಅರ್ಜಿಯ ಧಾಟಿಗೆ ಇಳಿದುಬಿಡುತ್ತಾರೆ. ಈ ಸೇವೆ ಅದನ್ನು ಬಿಡಿಸುತ್ತದೆ. ಸಂದರ್ಶನದಲ್ಲಿ ಯಾವ ವಿಷಯ ಚರ್ಚೆಯಾಯಿತು, ಯಾವ ಪ್ರಶ್ನೆಗೆ ಉತ್ತರ ಅರ್ಧಕ್ಕೆ ನಿಂತಿತು ಎಂದು ಕೇಳಿ, ಐದಾರು ಸಾಲಿನಲ್ಲಿ ಮುಗಿಸುತ್ತದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಕಳಿಸಿ ಎಂದು ನೆನಪಿಸುತ್ತದೆ. ಪ್ಯಾನೆಲ್‌ನಲ್ಲಿ ಮೂವರಿದ್ದರೆ ಮೂವರಿಗೂ ಬೇರೆ ಬೇರೆ ಮೇಲ್ ಬರೆಸುತ್ತದೆ. ಇದು ದೊಡ್ಡ ಉಪಕಾರ. ಒಂದೇ ಮೇಲ್‌ಗೆ ಎಲ್ಲರನ್ನೂ ಸೇರಿಸಿದರೆ ಯಾರ ಹೆಸರು ಮೊದಲು ಬರಬೇಕು ಎಂಬ ತಕರಾರು ಹುಟ್ಟುತ್ತದೆ, ಯಾರಿಗೂ ತಮಗೇ ಬರೆದದ್ದು ಅನಿಸುವುದೂ ಇಲ್ಲ.

ತೊಂದರೆ ಇರುವುದು ಮೊದಲ ಸಾಲಿನಲ್ಲಿ.

ಸಂದರ್ಶಕರ ಹೆಸರನ್ನು ಪೂರ್ತಿ ಹಾಕಿದರೆ ಈ ಸೇವೆ ಕೊನೆಯ ಪದವನ್ನು ಮನೆತನದ ಹೆಸರೆಂದು ಹಿಡಿಯುತ್ತದೆ. ‘ಮಂಜುನಾಥ ಎಚ್ ಎಸ್’ ಎಂದು ಟೈಪ್ ಮಾಡಿ ನೋಡಿ: ‘ಡಿಯರ್ ಮಿಸ್ಟರ್ ಎಸ್’ ಎಂದು ಬರುತ್ತದೆ! ನಮ್ಮ ವಿದ್ಯಾರ್ಥಿಯೊಬ್ಬ ಕಳಿಸುವ ಮುಂಚೆ ನನಗೆ ತೋರಿಸಿದ್ದರಿಂದ ಇದು ಸಿಕ್ಕಿತು. ಮುಕ್ಕಾಲು ಗಂಟೆ ಎದುರು ಕೂತು ಮಾತಾಡಿದ ಹಿರಿಯ ಎಂಜಿನಿಯರ್‌ಗೆ ಅವರ ತಂದೆಯ ಹೆಸರಿನ ಒಂದಕ್ಷರ ಹಿಡಿದು ಕರೆದರೆ, ಕೆಳಗೆ ಬರೆದ ಕೃತಜ್ಞತೆಯನ್ನು ಅವರು ಯಾವ ಮನಸ್ಸಿನಿಂದ ಓದಬೇಕು?

ಹಳೇ ಮೈಸೂರು ಕಡೆ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ನಿಲ್ಲುತ್ತವೆ. ಹಿಂದೆ ಅವು ಮುಂದೆ ಬರುತ್ತಿದ್ದವು, ಈಗಿನ ಸರ್ಟಿಫಿಕೇಟುಗಳಲ್ಲಿ ಹೆಚ್ಚಾಗಿ ಕೊನೆಗೆ ಹೋಗಿವೆ. ಎಂ. ವಿಶ್ವೇಶ್ವರಯ್ಯನವರ ಎಂ ಎಂದರೆ ಮೋಕ್ಷಗುಂಡಂ, ಊರು. ವಿಶ್ವೇಶ್ವರಯ್ಯ ಎಂಬುದು ಅವರದೇ ಹೆಸರು. ಅದೇ ಉತ್ತರ ಕರ್ನಾಟಕದ ಬಿ. ಡಿ. ಜತ್ತಿಯವರನ್ನು ತೆಗೆದುಕೊಳ್ಳಿ, ಬಸಪ್ಪ ದಾನಪ್ಪ ಜತ್ತಿ: ತಮ್ಮ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ‘ಮಿಸ್ಟರ್ ಜತ್ತಿ’ ಸರಿಯೇ ಸರಿ. ಒಂದೇ ರಾಜ್ಯದೊಳಗೆ ಇಷ್ಟು ವ್ಯತ್ಯಾಸವಿದೆ. ಪಾಟೀಲ, ಹಿರೇಮಠ, ಕುಲಕರ್ಣಿ ಬಂದಾಗ ಈ ಸೇವೆ ಗೆಲ್ಲುತ್ತದೆ. ಹಾಸನ, ಮಂಡ್ಯ, ತುಮಕೂರಿನವರು ಬಂದರೆ ಸೋಲುತ್ತದೆ.

ಹೆಣ್ಣುಮಕ್ಕಳ ಹೆಸರಿನಲ್ಲಿ ಇನ್ನೂ ಸೂಕ್ಷ್ಮವಿದೆ. ‘ಕವಿತಾ ರಾಘವೇಂದ್ರ’ ಎಂದಿದ್ದರೆ ರಾಘವೇಂದ್ರ ಎಂಬುದು ಗಂಡನದೋ ತಂದೆಯದೋ ಸ್ವಂತ ಹೆಸರಾಗಿರುತ್ತದೆ. ಸೇವೆ ಕೊಡುವುದು ‘ಡಿಯರ್ ಮಿಸೆಸ್ ರಾಘವೇಂದ್ರ’. ಮದುವೆಯಾಗಿದೆ ಎಂದು ಇದಕ್ಕೆ ಹೇಳಿದವರು ಯಾರು? ಆಕೆ ಆ ಕುರ್ಚಿಯಲ್ಲಿ ಕೂತಿದ್ದು ತನ್ನ ಕೆಲಸದ ಬಲದ ಮೇಲೆ. ಅಲ್ಲಿ ಬೇಕಾಗಿರುವುದು ‘ಮಿಸ್’ ಅಥವಾ ‘ಮಿಸೆಸ್’ ಅಲ್ಲ, ಮದುವೆಯ ಮಾತೆತ್ತದ ‘ಮಿಝ್’. ಅದರ ನಂತರ ಕವಿತಾ. ಡಾಕ್ಟರೇಟ್ ಇದ್ದರೆ ‘ಡಾ. ಕವಿತಾ’, ಬೇರೇನೂ ಬೇಡ.

ಗಂಡೋ ಹೆಣ್ಣೋ ಎಂಬುದನ್ನೂ ಈ ಸೇವೆ ಹೆಸರು ನೋಡಿಯೇ ತೀರ್ಮಾನಿಸುತ್ತದೆ. ಕಿರಣ್ ಎಂದು ಹಾಕಿದರೆ ಕಣ್ಣುಮುಚ್ಚಿ ‘ಮಿಸ್ಟರ್’. ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಶಾ ಹೆಣ್ಣು, ಇಸ್ರೋ ಅಧ್ಯಕ್ಷರಾಗಿದ್ದ ಎ. ಎಸ್. ಕಿರಣ್ ಕುಮಾರ್ ಗಂಡು; ಬೆಂಗಳೂರಿನಲ್ಲಿ ಕೆಲಸ ಹುಡುಕುವವರಿಗೆ ಇಬ್ಬರೂ ಗೊತ್ತು. ಫೋನಿನಲ್ಲಷ್ಟೇ ಸಂದರ್ಶನವಾಗಿ ದನಿಯಿಂದ ಗೊತ್ತಾಗದಿದ್ದರೆ ಮಿಸ್ಟರ್ ಗಿಸ್ಟರ್ ಬಿಟ್ಟು ಪೂರ್ತಿ ಹೆಸರು ಬರೆಯುವುದೇ ಮರ್ಯಾದೆ.

ನನಗೆ ಬೇಸರವಾದದ್ದು ಇದರಲ್ಲಿರುವ ದೇಶಗಳ ಪಟ್ಟಿ ನೋಡಿದಾಗ. ಜಪಾನ್ ಆರಿಸಿದರೆ ಮನೆತನದ ಹೆಸರಿನ ನಂತರ ‘ಸಾನ್’ ಹಚ್ಚುತ್ತದೆ. ಜರ್ಮನಿ ಆರಿಸಿದರೆ ‘ಫ್ರಾವ್’, ‘ಹೆರ್’ ಆದ ಮೇಲೆ ಡಾಕ್ಟರ್ ಪದವಿಯನ್ನು ಬಿಡದೆ ಸೇರಿಸುತ್ತದೆ; ಸಂಬೋಧನೆಯ ನಂತರ ಅಲ್ಪವಿರಾಮ ಹಾಕಿ ಮುಂದಿನ ಸಾಲನ್ನು ಸಣ್ಣಕ್ಷರದಿಂದ ಶುರುಮಾಡುವ ಅಲ್ಲಿನ ಪದ್ಧತಿಯೂ ಅದಕ್ಕೆ ಗೊತ್ತು. ಅಮೆರಿಕಕ್ಕೆ ಔಪಚಾರಿಕ ಪತ್ರವೆಂದರೆ ಹೆಸರಿನ ನಂತರ ಕೋಲನ್, ಬ್ರಿಟನ್‌ಗೆ ಕಾಮಾ. ಇಷ್ಟೆಲ್ಲ ಮುತುವರ್ಜಿ ವಹಿಸಿದವರು ಭಾರತ ಎಂದಾಗ ಕೈಚೆಲ್ಲಿದ್ದಾರೆ. ಇಲ್ಲಿ ದುಡ್ಡು ತೆಗೆದುಕೊಂಡು ಮಾರುವ ಸೇವೆ ಇಲ್ಲಿನವರ ಹೆಸರನ್ನು ಕಲಿಯಬೇಕು.

‘ರೆಸ್ಪೆಕ್ಟೆಡ್ ಸರ್’ ಕಂಡರೆ ಈ ಸೇವೆ ಕೆಂಪು ಗೆರೆ ಎಳೆದು ‘ಹಾಯ್’ ಎನ್ನಿ ಎನ್ನುತ್ತದೆ. ಐಟಿ ಕಂಪನಿಗೆ ಅದು ಒಪ್ಪುವ ತಿದ್ದುಪಡಿ, ಅಲ್ಲಿ ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಆದರೆ ಸಂಶೋಧನಾ ಸಂಸ್ಥೆಯ ಪ್ರಾಧ್ಯಾಪಕರಿಗೆ ‘ಹಾಯ್’ ಎಂದು ಬರೆಯಲು ನಮ್ಮ ಹುಡುಗಿಯೊಬ್ಬಳಿಗೆ ಕೈ ಬರಲಿಲ್ಲ. ಅವಳ ಅಳುಕು ನ್ಯಾಯವಾದದ್ದು. ‘ಡಿಯರ್ ಪ್ರೊಫೆಸರ್’ ಎಂದು ಬರೆದು ಹೆಸರು ಸೇರಿಸು ಎಂದೆ, ಹಾಗೇ ಕಳಿಸಿದಳು.

ಇನ್ನೊಂದು ಕೊರತೆ ಅಪಾಯಕಾರಿ. ಕೆಲಸ ಖಾಸಗಿಯೋ ಸರ್ಕಾರಿಯೋ ಎಂದು ಇದು ಕೇಳುವುದೇ ಇಲ್ಲ. ಅಭ್ಯರ್ಥಿ ಯಾವುದೇ ರೀತಿ ಪ್ರಭಾವ ಬೀರಲು ಯತ್ನಿಸಿದರೆ ಅನರ್ಹ ಎಂಬ ಷರತ್ತು ಸರ್ಕಾರಿ, ಸಾರ್ವಜನಿಕ ವಲಯದ ನೇಮಕಾತಿ ಅಧಿಸೂಚನೆಗಳಲ್ಲಿ ಸಾಮಾನ್ಯ. ಅಂಥ ಸಂದರ್ಶನ ಮಂಡಳಿಯ ಸದಸ್ಯರಿಗೆ ಫಲಿತಾಂಶಕ್ಕೆ ಮುಂಚೆ ಖಾಸಗಿಯಾಗಿ ಧನ್ಯವಾದ ಬರೆಯಲು ಹೋಗಲೇಬೇಡಿ, ಸಂಬೋಧನೆ ಎಷ್ಟೇ ಸರಿಯಿರಲಿ.

ನಾವೀಗ ಈ ಸೇವೆಯನ್ನು ಬಳಸುವ ಕ್ರಮ ಹೀಗಿದೆ. ಹೆಸರಿನ ಜಾಗ ಖಾಲಿ ಬಿಟ್ಟು ಒಕ್ಕಣೆ ಮಾತ್ರ ಬರೆಸುತ್ತೇವೆ. ಆಮೇಲೆ ಸಂದರ್ಶಕರು ತಮ್ಮ ಮೇಲ್‌ನ ಕೊನೆಗೆ ಹೇಗೆ ಸಹಿ ಮಾಡಿದ್ದಾರೆ ನೋಡುತ್ತೇವೆ. ಬರೀ ‘ಮಂಜು’ ಎಂದಿದ್ದರೆ ‘ಡಿಯರ್ ಮಂಜುನಾಥ’ ಎನ್ನಲು ಅಡ್ಡಿಯಿಲ್ಲ. ಅಷ್ಟು ಸಲಿಗೆ ಸಲ್ಲದು ಅನಿಸಿದರೆ ಹೆಸರಿಗೆ ಮೊದಲು ಮಿಸ್ಟರ್ ಸೇರಿಸಿದರಾಯಿತು. ಮೇಲ್ ಬಂದೇ ಇಲ್ಲದಿದ್ದರೆ ಮೀಟಿಂಗ್ ಇನ್ವೈಟ್‌ನಲ್ಲಿ ಹೆಸರಿರುತ್ತದೆ, ಲಿಂಕ್ಡ್‌ಇನ್‌ನಲ್ಲಿ ಕಾಗುಣಿತ ಸಿಗುತ್ತದೆ. ಅಲ್ಲೂ ಗೊಂದಲವಾದರೆ ಸಂದರ್ಶನ ಏರ್ಪಡಿಸಿದ ಎಚ್‌ಆರ್‌ಗೆ ಫೋನ್ ಮಾಡಿ ಕೇಳಿ ಎನ್ನುತ್ತೇನೆ. ಹೆಸರು ಸರಿಯಾಗಿ ಬರೆಯಬೇಕೆಂದು ಕೇಳುವ ಹುಡುಗನನ್ನು ಯಾವ ಎಚ್‌ಆರ್ ಕೂಡ ಗದರಿಲ್ಲ.

ಕಂಪನಿಗೆ ಉದಾಹರಣೆ ಸಮೇತ ದೂರು ಬರೆದೆ. ‘ಗಮನಿಸುತ್ತೇವೆ’ ಎಂಬ ಉತ್ತರ ಬಂತು, ಆಮೇಲೆ ಸುದ್ದಿಯಿಲ್ಲ. ಐದಕ್ಕೆ ಮೂರು ಅಂಕ ಕೊಡುತ್ತೇನೆ, ಮೂರೂ ಒಕ್ಕಣೆಗೆ. ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿಯುವ ಮಕ್ಕಳಿರುವ ಕಾಲೇಜು ಒಂದು ಸೀಸನ್ ಮಟ್ಟಿಗೆ ಕೊಳ್ಳಬಹುದು. ಒಬ್ಬರೇ ಕೈಯಿಂದ ಹಣ ಹಾಕಿ ಕೊಳ್ಳುವುದಾದರೆ ಬೇಡ. ಆ ಐದಾರು ಸಾಲನ್ನು ನಿಮ್ಮ ಕಾಲೇಜಿನ ಇಂಗ್ಲಿಷ್ ಮೇಡಂ ಹತ್ತಿರ ತಿದ್ದಿಸಿಕೊಳ್ಳಿ.